22 ರೂಪಾಯಿ ಯಾರಿಗೆ? ಹಳೇ ಟಿವಿ, ಕೆಟ್ಟ ಬ್ಯಾಟರಿ ಮತ್ತು ದಾವಣಗೆರೆಯ ಗುಜರಿ ಲೆಕ್ಕ

ಹಳೆಯ ಟಿವಿ, ಫ್ರಿಜ್, ವಾಷಿಂಗ್ ಮಷೀನುಗಳ ಮರುಬಳಕೆಗೆ ಕೇಂದ್ರ ಸರ್ಕಾರ ಕೆಜಿಗೆ ಕನಿಷ್ಠ 22 ರೂಪಾಯಿ ನಿಗದಿ ಮಾಡಿದೆ ಎಂದೂ, ಅದನ್ನು ಪ್ರಶ್ನಿಸಿ ಡೈಕಿನ್, ವೋಲ್ಟಾಸ್, ಸ್ಯಾಮ್‌ಸಂಗ್, ಎಲ್‌ಜಿಯಂಥ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿವೆ ಎಂದೂ 2025ರಲ್ಲಿ ಬಂದ ಸುದ್ದಿಯನ್ನು ಓದಿದವರಿಗೆ ಮೊದಲು ಏಳುವ ಪ್ರಶ್ನೆ, ಹಾಗಾದರೆ ನಮ್ಮ ಅಟ್ಟದ ಮೇಲಿರುವ ಹಳೇ ಟಿವಿಗೂ ಆ ದರ ಸಿಗುತ್ತದೆಯೇ ಎಂಬುದು. ಸಿಗುವುದಿಲ್ಲ. ಅದು ಗ್ರಾಹಕನ ಕೈಗೆ ಬರುವ ಹಣವಲ್ಲ, ಗುಜರಿ ಅಂಗಡಿಗೆ ಹೋಗುವ ಹಣವೂ ಅಲ್ಲ. ಸರಕು ಮಾರಿದ ಕಂಪನಿಯು ನೋಂದಾಯಿತ ಮರುಬಳಕೆ ಘಟಕಕ್ಕೆ ಕೊಡಬೇಕಾದ ಹಣ. ಹಾಗೆಂದು ಇದನ್ನು ದೆಹಲಿಯ ಜಗಳವೆಂದು ದಾವಣಗೆರೆ, ಚಿತ್ರದುರ್ಗದವರು ಪಕ್ಕಕ್ಕಿಡುವಂತಿಲ್ಲ. ಹಳೇ ಪಿ.ಬಿ. ರಸ್ತೆಯ ಬ್ಯಾಟರಿ ಅಂಗಡಿಯಿಂದ ಆವರಗೊಳ್ಳದ ಕಸದ ರಾಶಿಯವರೆಗೆ, ಕೆಟ್ಟುಹೋದ ವಿದ್ಯುತ್ ಸಾಮಾನು ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಹಣ ಎಲ್ಲಿಯವರೆಗೆ ಹರಿದು ಎಲ್ಲಿ ನಿಂತುಬಿಡುತ್ತದೆ ಎಂಬ ಸಂಗತಿಯೇ.

## ದರ ಹುಟ್ಟಿದ್ದು ಹೇಗೆ

ಈಗ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಹಿಂದಿನ ನಿಯಮಗಳ ವ್ಯಾಪ್ತಿಯಲ್ಲಿ 21 ಬಗೆಯ ಸಾಮಾನುಗಳಿದ್ದರೆ, ಈಗ ಆ ಸಂಖ್ಯೆ 106ಕ್ಕೇರಿದೆ. ಸೋಲಾರ್ ಫಲಕಗಳೂ ಅದರೊಳಗೆ ಬಂದಿವೆ. ನಿಯಮಗಳ ತಿರುಳು ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಅಂದರೆ ಇಪಿಆರ್. ಸರಕು ಮಾರಿ ಲಾಭ ಮಾಡಿಕೊಂಡ ಕಂಪನಿ, ಆ ಸರಕಿನ ಆಯುಷ್ಯ ಮುಗಿದ ಮೇಲೆ ಅದರಲ್ಲೊಂದು ನಿಗದಿತ ಪಾಲು ಸರಿಯಾಗಿ ಮರುಬಳಕೆಯಾಗುವಂತೆ ನೋಡಿಕೊಳ್ಳಬೇಕು ಎಂಬುದು ಇದರ ಅರ್ಥ. ಈ ಪಾಲು 2023-24 ಮತ್ತು 2024-25ರಲ್ಲಿ ಶೇ 60 ಇತ್ತು, 2025-26 ಮತ್ತು 2026-27ಕ್ಕೆ ಶೇ 70 ಆಗಿದೆ, 2027-28ರಿಂದ ಶೇ 80 ಆಗಲಿದೆ.

ಕಂಪನಿ ತಾನೇ ಹಳೇ ಟಿವಿ ಬಿಚ್ಚುತ್ತ ಕೂರಬೇಕಿಲ್ಲ. ನೋಂದಾಯಿತ ಘಟಕವು ತ್ಯಾಜ್ಯದಿಂದ ಲೋಹ ತೆಗೆದು, ಅದಕ್ಕೆ ಪ್ರತಿಯಾಗಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ಪ್ರಮಾಣಪತ್ರ ಪಡೆಯುತ್ತದೆ. ಕಂಪನಿ ಆ ಪ್ರಮಾಣಪತ್ರವನ್ನು ಕೊಂಡು ತನ್ನ ಗುರಿಯ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತದೆ. ಇಲ್ಲೊಂದು ಸಣ್ಣ, ಆದರೆ ಪರಿಣಾಮ ದೊಡ್ಡದಿರುವ ವಿವರವಿದೆ. ಪ್ರಮಾಣಪತ್ರದ ಲೆಕ್ಕ ನಡೆಯುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಎಂಬ ನಾಲ್ಕು ಲೋಹಗಳ ಮೇಲೆ. ಟ್ಯೂಬ್‌ಲೈಟಿನ ಪಾದರಸವನ್ನೋ ಹಳೇ ಟಿವಿಯ ಗಾಜಿನಲ್ಲಿರುವ ಸೀಸವನ್ನೋ ಎಷ್ಟು ಜೋಪಾನವಾಗಿ ಹಿಡಿದಿಟ್ಟರೂ ಅದಕ್ಕೆ ಈ ಲೆಕ್ಕದಲ್ಲಿ ಅಂಕವಿಲ್ಲ.

ಪ್ರಮಾಣಪತ್ರ ಮಾರಾಟದ ವಸ್ತುವಾದ ಮೇಲೆ ಅದರ ದರ ಕುಸಿಯುವ ಅಪಾಯ ಇದ್ದೇ ಇರುತ್ತದೆ. ಯಂತ್ರ, ಫಿಲ್ಟರ್, ಕಾರ್ಮಿಕರ ಸುರಕ್ಷತೆಗೆ ಹಣ ಹಾಕಿದ ಘಟಕಕ್ಕೆ ಗಿಟ್ಟದ ದರದಲ್ಲಿ, ಬರೀ ಕಾಗದದಲ್ಲಿ ಮರುಬಳಕೆ ತೋರಿಸುವವನು ಪ್ರಮಾಣಪತ್ರ ಮಾರಿಬಿಡಬಲ್ಲ. ಇದು ಊಹೆಯ ಮಾತಲ್ಲ. ಇದೇ ಮಾದರಿಯ ವ್ಯವಸ್ಥೆಯಿರುವ ಪ್ಲಾಸ್ಟಿಕ್ ವಿಭಾಗದಲ್ಲಿ 6 ಲಕ್ಷಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳನ್ನು ಕೇಂದ್ರ ಮಂಡಳಿ 2023ರಲ್ಲಿ ಪತ್ತೆ ಮಾಡಿತ್ತು, ಮತ್ತು ಅವು ಹುಟ್ಟಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಇ-ತ್ಯಾಜ್ಯದಲ್ಲಿ ಹೀಗಾಗದಿರಲೆಂದು 2024ರ ತಿದ್ದುಪಡಿಯ ಮೂಲಕ ದರಕ್ಕೊಂದು ತಳ ಮತ್ತು ಒಂದು ಮೇಲ್ಮಿತಿ ಹಾಕಲಾಯಿತು. ಗುರಿ ತಪ್ಪಿದ ಕಂಪನಿ ತೆರಬೇಕಾದ ಪರಿಸರ ಪರಿಹಾರದ ಮೊತ್ತದಲ್ಲಿ ಶೇ 30ಕ್ಕಿಂತ ಕೆಳಗೆ ಪ್ರಮಾಣಪತ್ರದ ದರ ಇಳಿಯುವಂತಿಲ್ಲ, ಶೇ 100 ಮೀರುವಂತೆಯೂ ಇಲ್ಲ. ಗೃಹೋಪಯೋಗಿ ಸಾಮಾನಿಗೆ 22 ರೂಪಾಯಿ, ಸ್ಮಾರ್ಟ್‌ಫೋನಿಗೆ 34 ರೂಪಾಯಿ ಎಂಬ ಕನಿಷ್ಠ ದರಗಳು ಬಂದದ್ದು ಈ ಹಿನ್ನೆಲೆಯಲ್ಲಿ.

## ಎರಡೂ ಕಡೆಯ ವಾದ

ಕಂಪನಿಗಳ ತಕರಾರು ಪೂರಾ ತಳ್ಳಿಹಾಕುವಂಥದ್ದಲ್ಲ. ದರ ಮೊದಲಿಗಿಂತ ಹಲವು ಪಟ್ಟು ಏರಿದೆ, ಎರಡು ಖಾಸಗಿ ಪಕ್ಷಗಳ ನಡುವಿನ ಬೆಲೆಯನ್ನು ಸರ್ಕಾರ ಗೊತ್ತುಮಾಡುವುದು ಸರಿಯಲ್ಲ, ಬೆಲೆ ಕಟ್ಟಿದ ಮಾತ್ರಕ್ಕೆ ಪರಿಸರ ಉಳಿಯುವುದಿಲ್ಲ, ಅನಧಿಕೃತ ವ್ಯಾಪಾರವನ್ನು ಹದ್ದುಬಸ್ತಿಗೆ ತರಲಾಗದ ಸರ್ಕಾರ ಅದರ ಭಾರವನ್ನು ತಮ್ಮ ಮೇಲೆ ಹೊರಿಸುತ್ತಿದೆ ಎಂಬುದು ಅವುಗಳ ವಾದದ ಸಾರ. ಈ ಖರ್ಚು ಕೊನೆಗೆ ಹೊಸ ಸರಕಿನ ಬೆಲೆಗೆ ಸೇರಿ ಗ್ರಾಹಕನ ತಲೆಗೇ ಬರುತ್ತದೆ ಎಂಬುದನ್ನೂ ಅಲ್ಲಗಳೆಯಲಾಗದು.

ಸರ್ಕಾರದ ಕಡೆಯ ತರ್ಕವೂ ಅಷ್ಟೇ ನೇರವಾದದ್ದು. ಸರ್ಕಾರಿ ಅಂಕಿಅಂಶದ ಪ್ರಕಾರ ದೇಶದಲ್ಲಿ 2019-20ರಲ್ಲಿ ಸುಮಾರು 10.1 ಲಕ್ಷ ಟನ್ ಇದ್ದ ಇ-ತ್ಯಾಜ್ಯ 2023-24ರಲ್ಲಿ 17.5 ಲಕ್ಷ ಟನ್ ಮುಟ್ಟಿದೆ. ಅದರಲ್ಲಿ ಅಧಿಕೃತವಾಗಿ ಸಂಸ್ಕರಣೆಯಾದದ್ದು ಶೇ 43ರಷ್ಟು ಮಾತ್ರ. ಉಳಿದದ್ದು ಗುಜರಿ ಜಾಲದ ಪಾಲು ಇಲ್ಲವೇ ಕಸದ ಪಾಲು. ಶಿಸ್ತಾಗಿ ನಡೆಯುವ ಘಟಕಕ್ಕೆ ಒಂದು ಖಚಿತ ಆದಾಯವಿದ್ದರೆ ಮಾತ್ರ ಅದು ಗುಜರಿ ಪೇಟೆಯಲ್ಲಿ ಪೈಪೋಟಿ ಕೊಟ್ಟು ಮಾಲು ಎತ್ತಬಲ್ಲದು ಎಂದು ಸರ್ಕಾರ ನಂಬಿದೆ.

ಎರಡೂ ವಾದಗಳಲ್ಲಿ ಕಾಣದೆ ಉಳಿದಿರುವ ಒಂದು ಕೊಂಡಿಯಿದೆ. ಅದು ದಾವಣಗೆರೆಯ ರೈತರಿಗೆ ಹೊಸದೇನಲ್ಲ. ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಘೋಷಣೆಯಾದ ಮಾತ್ರಕ್ಕೆ ಬೆಳೆದವನಿಗೆ ಆ ಬೆಲೆ ದಕ್ಕುವುದಿಲ್ಲ. ಹತ್ತಿರದಲ್ಲಿ ಖರೀದಿ ಕೇಂದ್ರ ತೆರೆಯದಿದ್ದರೆ ಆತ ಕಣಕ್ಕೆ ಬಂದ ವರ್ತಕ ಹೇಳಿದ ದರಕ್ಕೇ ತೂಗಿಸಬೇಕಾಗುತ್ತದೆ. ಇ-ತ್ಯಾಜ್ಯದ ಕನಿಷ್ಠ ದರದ್ದೂ ಅದೇ ಕಥೆ. ದರ ಪೋರ್ಟಲ್‌ನಲ್ಲಿದೆ, ಮಾಲು ಮನೆಯಲ್ಲಿದೆ, ನಡುವೆ ಖರೀದಿ ಕೇಂದ್ರವಿಲ್ಲ. 60 ಕೆಜಿಯ ವಾಷಿಂಗ್ ಮಷೀನಿಗೆ 22 ರೂಪಾಯಿಯಂತೆ 1,320 ರೂಪಾಯಿ ಆಗುತ್ತದೆ ನಿಜ. ಆದರೆ ಒಂದೇ ಮಷೀನಿಗಾಗಿ ಬೆಂಗಳೂರು ಕಡೆಯ ಘಟಕದಿಂದ 250 ಕಿಲೋಮೀಟರ್ ಆಚೆಗೆ ಯಾರೂ ಗಾಡಿ ಕಳುಹಿಸುವುದಿಲ್ಲ. ಲಾರಿ ತುಂಬುವಷ್ಟು ಮಾಲು ಒಂದೆಡೆ ಕೂಡಿಬಿದ್ದರೆ ಮಾತ್ರ ಲೆಕ್ಕ ಕೂಡುತ್ತದೆ. ಕೂಡಿಹಾಕುವ ಆ ಕೆಲಸವನ್ನು ಇಂದು ಮಾಡುತ್ತಿರುವವರು ಗುಜರಿಯವರು ಮಾತ್ರ, ಮತ್ತು ಅವರಿಗೆ ಆ 22 ರೂಪಾಯಿಯಲ್ಲಿ ಪಾಲು ಕೊಡಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ.

## ಬೆಲೆಯಿದ್ದದ್ದು, ಬೆಲೆಯಿಲ್ಲದ್ದು

ಜಾಗೃತಿಯ ಕೊರತೆಯಿಂದಲೇ ಇ-ತ್ಯಾಜ್ಯ ದಾರಿ ತಪ್ಪುತ್ತಿದೆ ಎಂಬ ಮಾತು ಸಭೆ-ಸಮಾರಂಭಗಳಲ್ಲಿ ಕೇಳಿಬರುತ್ತಲೇ ಇರುತ್ತದೆ. ಇದು ಅರ್ಧ ಸತ್ಯ. ಕಾರಿನ ಕೆಟ್ಟ ಬ್ಯಾಟರಿಯನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಜಾಗೃತಿ ಇದ್ದವರೂ ಇಲ್ಲದವರೂ ಅದನ್ನು ಮಾರಿಯೇ ಮಾರುತ್ತಾರೆ. ಗೋಡೆ ಗಡಿಯಾರದ ಸೆಲ್ ಅನ್ನು ಮಾತ್ರ ಓದಿದವರೂ ಓದದವರೂ ಕಸದ ಬುಟ್ಟಿಗೇ ಹಾಕುತ್ತಾರೆ. ಎರಡೂ ಬ್ಯಾಟರಿಯೇ, ಒಂದಕ್ಕೆ ಗುಜರಿಯಲ್ಲಿ ಬೆಲೆಯಿದೆ, ಇನ್ನೊಂದಕ್ಕಿಲ್ಲ.

ಹೀಗಾಗಿ ಇಲ್ಲಿರುವುದು ಒಂದೇ ಸಮಸ್ಯೆಯಲ್ಲ, ಎರಡು. ಬೆಲೆಯಿರುವ ವಸ್ತು ಸರಿಯಾಗಿ ಸಂಗ್ರಹವಾಗಿ, ತಪ್ಪು ಕೈಯಲ್ಲಿ ತಪ್ಪು ರೀತಿಯಲ್ಲಿ ಒಡೆಯಲ್ಪಡುತ್ತದೆ. ಬೆಲೆಯಿಲ್ಲದ ವಸ್ತು ಸಂಗ್ರಹವೇ ಆಗುವುದಿಲ್ಲ. ಮೊದಲನೆಯದಕ್ಕೆ ಬೇಕಾದದ್ದು ನಿಗಾ ಮತ್ತು ಅಧಿಕೃತ ಘಟಕಕ್ಕೆ ಪೈಪೋಟಿಯ ಶಕ್ತಿ. ಎರಡನೆಯದಕ್ಕೆ ಬೇಕಾದದ್ದು ಸಂಗ್ರಹದ ಖರ್ಚನ್ನು ಯಾರಾದರೂ ಹೊರುವುದು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಎರಡೂ ವಾಸಿಯಾಗುವುದಿಲ್ಲ, ಮತ್ತು ಈವರೆಗಿನ ಸಂಗ್ರಹ ಅಭಿಯಾನಗಳು ಬಹುಮಟ್ಟಿಗೆ ಮಾಡಿರುವುದು ಇದನ್ನೇ.

## ಇನ್ವರ್ಟರ್ ಬ್ಯಾಟರಿಯ ಎರಡು ದಾರಿ

ಬೆಲೆಯಿರುವ ವಸ್ತುಗಳಲ್ಲಿ ಮೊದಲನೆಯದು ಸೀಸದ ಬ್ಯಾಟರಿ. ಮನೆಯ ಇನ್ವರ್ಟರಿಗೆ ಹಾಕುವ 150 ಆಂಪಿಯರ್-ಅವರ್ ಬ್ಯಾಟರಿ ಆಸಿಡ್ ಸೇರಿ 50ರಿಂದ 60 ಕೆಜಿ ತೂಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ ಮತ್ತು ಸೀಸದ ಸಂಯುಕ್ತ. ಉಳಿದದ್ದು ಗಂಧಕಾಮ್ಲ ಮತ್ತು ಪ್ಲಾಸ್ಟಿಕ್ ಡಬ್ಬ. ರಾಷ್ಟ್ರೀಯ ಹೆದ್ದಾರಿ 48ರ ಲಾರಿಗಳು, ಆಟೋಗಳು, ಹಳ್ಳಿಗಳ ಟ್ರ್ಯಾಕ್ಟರುಗಳು, ಅಂಗಡಿ-ಆಸ್ಪತ್ರೆಗಳ ಯುಪಿಎಸ್‌ಗಳು ಎಲ್ಲ ಸೇರಿ ಈ ಸೀಮೆಯಲ್ಲಿ ಕೆಟ್ಟ ಬ್ಯಾಟರಿಗೆ ಬರವಿಲ್ಲ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ ಎಂಬ ಪದ್ಧತಿ 2001ರ ಬ್ಯಾಟರಿ ನಿಯಮಗಳ ಕಾಲದಿಂದಲೂ ಇದೆ, ಅಂಗಡಿಯವರಿಗೂ ಗಿರಾಕಿಗಳಿಗೂ ರೂಢಿಯಾಗಿದೆ. ಗಿರಾಕಿಯ ಮಟ್ಟಿಗೆ ವ್ಯವಹಾರ ಅಲ್ಲಿಗೆ ಮುಗಿಯುತ್ತದೆ. ಬ್ಯಾಟರಿಯ ಹಾದಿ ಕವಲೊಡೆಯುವುದು ಅಲ್ಲಿಂದ ಮುಂದೆ.

ಮೊದಲ ದಾರಿಯಲ್ಲಿ ಅದು ಕಂಪನಿಯ ವಿತರಕರ ಮೂಲಕ ಅಧಿಕೃತ ಘಟಕ ಸೇರುತ್ತದೆ. ಅಲ್ಲಿ ಮುಚ್ಚಿದ ಯಂತ್ರ ಅದನ್ನು ಒಡೆಯುತ್ತದೆ, ಆಸಿಡ್ ತೊಟ್ಟಿಗಿಳಿದು ತಟಸ್ಥಗೊಳ್ಳುತ್ತದೆ, ತೊಳೆದ ಪ್ಲಾಸ್ಟಿಕ್ ಬೇರೆಯಾಗುತ್ತದೆ, ಕುಲುಮೆಯ ಹೊಗೆಯಲ್ಲಿರುವ ಸೀಸದ ಕಣಗಳನ್ನು ಚೀಲದ ಫಿಲ್ಟರುಗಳು ಹಿಡಿದುಕೊಳ್ಳುತ್ತವೆ. ಎರಡನೆಯ ದಾರಿಯಲ್ಲಿ ಕೊಡಲಿ ಸಾಕು. ಮುಚ್ಚಳ ಒಡೆದು ಡಬ್ಬವನ್ನು ಬೋರಲು ಹಾಕಿದರೆ ಆಸಿಡ್ ಮಣ್ಣಿಗೋ ಚರಂಡಿಗೋ ಹರಿಯುತ್ತದೆ, ಹರಿಯುವಾಗ ಕರಗಿದ ಸೀಸವನ್ನೂ ಒಯ್ಯುತ್ತದೆ. ಕಿತ್ತ ತಟ್ಟೆಗಳು ಇದ್ದಿಲು ತುಂಬಿದ ಗುಂಡಿಗೆ ಬೀಳುತ್ತವೆ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ತಾಮ್ರಕ್ಕಾದರೆ 1,085 ಬೇಕು. ಒಂದು ಬ್ಲೋವರ್ ಮತ್ತು ಒಂದಿಷ್ಟು ಇದ್ದಿಲಿದ್ದರೆ ಯಾವುದೋ ಹೊಲದ ಬದಿಯಲ್ಲಿ ರಾತ್ರಿ ಹೊತ್ತು ಸೀಸದ ಗಟ್ಟಿ ತೆಗೆಯಬಹುದು ಎಂಬ ಈ ಸುಲಭವೇ ಅದನ್ನು ಅಷ್ಟೊಂದು ಅಪಾಯಕಾರಿ ಮಾಡಿರುವುದು.

ಅಪಾಯ ಬಿಸಿ ಲೋಹದಲ್ಲಿ ಅಷ್ಟಿಲ್ಲ, ಹೊಗೆ ಮತ್ತು ದೂಳಿನಲ್ಲಿದೆ. ಕಣ್ಣಿಗೆ ಕಾಣದ ಸೀಸದ ಕಣ ಕೆಲಸಗಾರನ ಬಟ್ಟೆಯಲ್ಲಿ ಮನೆಗೆ ಬರುತ್ತದೆ, ಅಂಗಳದ ಮಣ್ಣಿನಲ್ಲಿ ಕೂರುತ್ತದೆ, ಅಲ್ಲಿ ಆಡುವ ಮಗುವಿನ ಬಾಯಿ ಸೇರುತ್ತದೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದೂ, ರಕ್ತದಲ್ಲಿ ಇಷ್ಟಿದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ನೀಡಿದ ಅಂದಾಜಿನಂತೆ, ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಇದರ ಹಾನಿ ವಾಂತಿ-ಜ್ವರವಾಗಿ ಕಾಣಿಸಿಕೊಂಡರೆ ವೈದ್ಯರಾದರೂ ಪತ್ತೆ ಹಚ್ಚಿಯಾರು. ಕಲಿಕೆಯಲ್ಲಿ ಹಿಂದೆ ಬೀಳುವುದು, ಗಮನ ನಿಲ್ಲದಿರುವುದು ಇಂಥ ರೂಪದಲ್ಲಿ ಬಂದಾಗ ಅದಕ್ಕೆ ಕಾರಣ ಊರಾಚೆಯ ಗುಂಡಿಯೆಂದು ಯಾರಿಗೂ ಹೊಳೆಯುವುದಿಲ್ಲ.

ಅಂಗಡಿಯವನು ಎರಡನೆಯ ದಾರಿಗೆ ಏಕೆ ಮಾಲು ಕೊಡುತ್ತಾನೆ ಎಂದರೆ, ಅಲ್ಲಿ ಕೆಜಿಗೆ ಒಂದಿಷ್ಟು ಹೆಚ್ಚು ಸಿಗುತ್ತದೆ, ಅದೂ ನಗದಾಗಿ. ಗುಂಡಿ ಹೊತ್ತಿಸುವವನಿಗೆ ಜಿಎಸ್‌ಟಿಯಿಲ್ಲ, ಫಿಲ್ಟರಿನ ಖರ್ಚಿಲ್ಲ, ಕೆಲಸಗಾರರ ರಕ್ತ ಪರೀಕ್ಷೆಯಿಲ್ಲ. ಉಳಿಸಿದ ಆ ಹಣದಲ್ಲೇ ಅವನು ಹೆಚ್ಚಿನ ದರ ಕೊಡುತ್ತಾನೆ. ಸೀಸದ ಒಂದು ಭಾಗ ಕಿಟ್ಟದಲ್ಲೇ ಉಳಿದು ನಷ್ಟವಾದರೂ ಅವನ ಲೆಕ್ಕ ಕೂಡುತ್ತದೆ. ನಿಯಮ ಪಾಲಿಸುವವನು ಪಾಲಿಸದವನ ಎದುರು ಖರೀದಿಯ ಹಂತದಲ್ಲೇ ಸೋಲುತ್ತಾನೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಎಲ್ಲ ಬಗೆಯ ಬ್ಯಾಟರಿಗಳನ್ನೂ ವ್ಯಾಪ್ತಿಗೆ ತಂದವು, ಬ್ಯಾಟರಿಯನ್ನು ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿದವು, ಅದರೊಳಗಿನ ವಸ್ತುವಿನಲ್ಲಿ ಒಂದು ನಿಗದಿತ ಕನಿಷ್ಠ ಪಾಲನ್ನು ಮರಳಿ ಪಡೆಯಬೇಕೆಂದೂ ವಿಧಿಸಿದವು. ಇವೆಲ್ಲ ಫಲ ಕೊಡುವುದು ನೋಂದಾಯಿತ ಘಟಕದ ಬಾಗಿಲೊಳಗೆ ಬಂದ ಮಾಲಿನಲ್ಲಿ ಮಾತ್ರ. ಬಾಗಿಲಿಗೆ ಬರುವ ಮೊದಲೇ ಕವಲು ಹಿಡಿದದ್ದನ್ನು ತಡೆಯಬೇಕಾದದ್ದು ಅಂಗಡಿಯ ಖರೀದಿ-ಮಾರಾಟದ ದಾಖಲೆಯ ತಪಾಸಣೆ.

## ಇಂಗಳದಾಳದ ಗಣಿ ಮುಚ್ಚಿತು, ತಾಮ್ರ ಮುಗಿಯಲಿಲ್ಲ

ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ಹಿಂದೆ ತಾಮ್ರದ ಗಣಿಯಿತ್ತು, ಈಗ ಮುಚ್ಚಿದೆ. ಇಂದು ಜಗತ್ತಿನ ಬಹುತೇಕ ತಾಮ್ರದ ಗಣಿಗಳು ಅಗೆಯುವ ಅದಿರಿನಲ್ಲಿ ತಾಮ್ರದ ಪಾಲು ಶೇ 1ರ ಆಸುಪಾಸು. ಹಳೇ ಕಂಪ್ಯೂಟರಿನ ಸರ್ಕ್ಯೂಟ್ ಬೋರ್ಡಿನಲ್ಲಾದರೆ ತೂಕದ ಶೇ 10ರಿಂದ 20ರಷ್ಟು ತಾಮ್ರವೇ ಇರುತ್ತದೆ, ಜೊತೆಗೆ ಒಂದಿಷ್ಟು ಚಿನ್ನ, ಬೆಳ್ಳಿ. ಹಾಗಾಗಿ ಇದನ್ನು ಯಾರೂ ಬಿಡುವುದಿಲ್ಲ. ಬೋರ್ಡನ್ನು ಬಿಸಿ ಮಾಡಿ ಬಿಡಿಭಾಗ ಉದುರಿಸುವುದು, ಆಮ್ಲದಲ್ಲಿ ಅದ್ದಿ ಚಿನ್ನ ತೆಗೆಯುವುದು, ವೈರಿನ ಪ್ಲಾಸ್ಟಿಕ್ಕನ್ನು ಸುಟ್ಟು ತಂತಿ ಬಿಡಿಸುವುದು ಅನಧಿಕೃತ ದಾರಿಯ ಪದ್ಧತಿಗಳು.

ಈ ಭಾಗದಲ್ಲಿ ಇದಕ್ಕೊಂದು ವಿಶೇಷ ಮುಖವಿದೆ. ಕೊಳವೆಬಾವಿಯನ್ನೇ ನಂಬಿರುವ ಅಡಿಕೆ, ತೆಂಗಿನ ತೋಟಗಳಿಂದ ಸುಟ್ಟ ಸಬ್‌ಮರ್ಸಿಬಲ್ ಮೋಟಾರುಗಳು ವರ್ಷವಿಡೀ ರಿವೈಂಡಿಂಗ್ ಅಂಗಡಿಗೆ ಬರುತ್ತಲೇ ಇರುತ್ತವೆ. ರಿವೈಂಡಿಂಗ್ ಎಂಬುದು ಮರುಬಳಕೆಗಿಂತ ಒಂದು ಮೆಟ್ಟಿಲು ಮೇಲಿನ ಕೆಲಸ. ಕವಚ, ಶಾಫ್ಟು, ಲೋಹದ ಪಟ್ಟಿಗಳು ಹಾಗೇ ಉಳಿದು ತಂತಿ ಮಾತ್ರ ಬದಲಾಗುತ್ತದೆ. ಪರಿಸರದ ಹೆಸರಿನಲ್ಲಿ ದೊಡ್ಡ ಮಾತಾಡದೆ ಇಷ್ಟು ಕಾಲದಿಂದ ಈ ಕೆಲಸ ಮಾಡಿಕೊಂಡು ಬಂದಿರುವ ಈ ಅಂಗಡಿಗಳು ಯಾವ ಅಂಕಿಅಂಶದಲ್ಲೂ ಕಾಣಿಸಿಕೊಳ್ಳುವುದಿಲ್ಲ. ಆದರೆ ಕಿತ್ತು ತೆಗೆದ ಹಳೇ ತಂತಿಯ ಪ್ರಶ್ನೆ ಉಳಿಯುತ್ತದೆ. ನೀರಿನಲ್ಲಿ ಮುಳುಗಿ ಓಡುವ ಮೋಟಾರಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದು ಪಿವಿಸಿಯಾಗಿದ್ದು ಬಯಲಿನಲ್ಲಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಗಾಳಿಗೆ ಸೇರುತ್ತದೆ. ಹೊದಿಕೆ ಸುಲಿಯುವ ಸಣ್ಣ ಯಂತ್ರವೊಂದಿದ್ದರೆ ಸುಡುವ ಅಗತ್ಯವೇ ಬೀಳದು, ತಾಮ್ರವೂ ಕಪ್ಪಾಗದೆ ಒಳ್ಳೆಯ ದರ ತರುತ್ತದೆ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿದ್ದು, ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆ ದಾವಣಗೆರೆಯೂ ಅದರಲ್ಲಿದೆ ಎಂಬುದನ್ನು ನೆನೆದರೆ, ಇಂಥ ಯಂತ್ರಕ್ಕೆ ಒಂದಿಷ್ಟು ಸಹಾಯಧನ ಕೊಡುವುದು ದುಬಾರಿಯೇನಲ್ಲ.

ಫ್ರಿಜ್ ಮತ್ತು ಎಸಿಯ ಮಾತೂ ಇದೇ ಬಗೆಯದು. ಕಂಪ್ರೆಸರಿನ ತಾಮ್ರಕ್ಕಾಗಿ ಕೊಳವೆ ಕತ್ತರಿಸಿದೊಡನೆ ಒಳಗಿನ ಅನಿಲ ಹೊರಹೋಗುತ್ತದೆ. ಹಳೇ ಎಸಿಗಳಲ್ಲಿರುವ ಆರ್-22 ಅನಿಲ ಒಂದು ಕೆಜಿ ಸೋರಿದರೆ, ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಅದು ಸುಮಾರು 1,800 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ.

## ಕಸದ ಗಾಡಿಗೆ ಬೀಳುವವು

ಬೆಲೆಯಿಲ್ಲದ ವಸ್ತುಗಳ ಪಟ್ಟಿ ಉದ್ದವಿದೆ: ರಿಮೋಟಿನ ಸೆಲ್‌ಗಳು, ಟ್ಯೂಬ್‌ಲೈಟು, ಸಿಎಫ್‌ಎಲ್ ಬಲ್ಬು, ಹಳೇ ಚಾರ್ಜರು, ಮಕ್ಕಳ ಆಟಿಕೆ, ಕಿವಿಗೆ ಸಿಕ್ಕಿಸುವ ಬ್ಲೂಟೂತ್ ಸಾಧನ. ಒಂದು ಟ್ಯೂಬ್‌ಲೈಟಿನಲ್ಲಿರುವ ಪಾದರಸ ಕೆಲವೇ ಮಿಲಿಗ್ರಾಂ. ಆದರೆ ಗಾಡಿಗೆ ಎಸೆದ ಕ್ಷಣವೇ ಅದು ಒಡೆಯುತ್ತದೆ, ಆ ಆವಿಯನ್ನು ಮೊದಲು ಉಸಿರಾಡುವವರು ಕಸವನ್ನು ಕೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರು.

ಲಿಥಿಯಂ ಬ್ಯಾಟರಿಯದ್ದು ಬೇರೆ ತೊಂದರೆ. ಜಜ್ಜಿದರೆ ಅಥವಾ ಮೊಳೆ ಚುಚ್ಚಿದರೆ ಒಳಗಿನ ಪದರಗಳು ತಗುಲಿ ಶಾಖ ಹುಟ್ಟುತ್ತದೆ, ಆ ಶಾಖದಿಂದ ಇನ್ನಷ್ಟು ಶಾಖ ಹುಟ್ಟಿ ಬೆಂಕಿಯಾಗುತ್ತದೆ. ಕಸವನ್ನು ಒತ್ತಿ ತುಂಬುವ ಗಾಡಿಯಲ್ಲಿ, ಕಾಗದ-ಪ್ಲಾಸ್ಟಿಕ್ಕಿನ ನಡುವೆ, ಹೀಗಾಗಲು ಬೇಕಾದ ಎಲ್ಲ ಅನುಕೂಲವೂ ಇರುತ್ತದೆ. ಉಬ್ಬಿದ ಮೊಬೈಲ್ ಬ್ಯಾಟರಿಯೊಂದು ಆವರಗೊಳ್ಳ ಮುಟ್ಟುವವರೆಗೆ ಸುಮ್ಮನಿದ್ದರೂ, ಅಲ್ಲಿ ಬುಲ್ಡೋಜರಿನ ಕೆಳಗೆ ಸುಮ್ಮನಿರುತ್ತದೆ ಎನ್ನಲಾಗದು.

ಬ್ಯಾಟರಿಯನ್ನು ಬೇರೆ ಕಸದಿಂದ ಪ್ರತ್ಯೇಕಿಸಿ ಕೊಡುವ ಹೊಣೆ ಬಳಕೆದಾರನದು ಎಂದು 2022ರ ಬ್ಯಾಟರಿ ನಿಯಮ ಹೇಳುತ್ತದೆ. ಬ್ಯಾಟರಿಯ ಮೇಲೆ ಗೀಟು ಹಾಕಿದ ಕಸದ ತೊಟ್ಟಿಯ ಚಿತ್ರ ಇರುವುದು ಇದಕ್ಕಾಗಿಯೇ. ಆದರೆ ಮನೆ ಬಾಗಿಲಿಗೆ ಬರುವ ಗಾಡಿಯಲ್ಲಿ ಹಸಿ ಕಸ, ಒಣ ಕಸದ ವಿಭಾಗಗಳಿವೆಯೇ ಹೊರತು ಮೂರನೆಯದಕ್ಕೆ ಒಂದು ಡಬ್ಬ ಇಲ್ಲದಿದ್ದರೆ, ಪ್ರತ್ಯೇಕಿಸಿದ್ದನ್ನು ಕೊಡುವುದಾದರೂ ಯಾರಿಗೆ?

## ಪಾಲಿಕೆ, ಕಾಲೇಜು, ಗುಜರಿ ಅಂಗಡಿ

ಕಸದಲ್ಲಿ ಬೆರೆತುಬಂದ ಇ-ತ್ಯಾಜ್ಯವನ್ನು ಬೇರ್ಪಡಿಸಿ ನೋಂದಾಯಿತ ಘಟಕಕ್ಕೆ ಮುಟ್ಟಿಸುವುದು, ತಯಾರಿಸಿದವರು ಯಾರೆಂದೇ ತಿಳಿಯದ ಅನಾಥ ಸಾಮಾನನ್ನು ಸಂಗ್ರಹಿಸುವುದು ನಗರ ಸ್ಥಳೀಯ ಸಂಸ್ಥೆಗಳ ಹೊಣೆ ಎಂದು ಇ-ತ್ಯಾಜ್ಯ ನಿಯಮ ಸ್ಪಷ್ಟವಾಗಿ ಹೇಳಿದೆ. ಇದಕ್ಕೆ ಪ್ರತ್ಯೇಕ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಮಾತ್ರ ಅದು ಅಷ್ಟೇ ಸ್ಪಷ್ಟ ಉತ್ತರ ಕೊಡುವುದಿಲ್ಲ. ಪ್ರಮಾಣಪತ್ರದ ಹಣ ಕಂಪನಿಯಿಂದ ಘಟಕಕ್ಕೆ ಹೋಗುತ್ತದೆ. ಪಾಲಿಕೆ ಆ ದಾರಿಯಲ್ಲಿ ಇಲ್ಲವೇ ಇಲ್ಲ. ಘಟಕವೊಂದರ ಜೊತೆ ಪಾಲಿಕೆ ಒಪ್ಪಂದ ಮಾಡಿಕೊಂಡು, ವಾರ್ಡ್ ಮಟ್ಟದಲ್ಲಿ ಕೂಡಿದ ಮಾಲಿಗೆ ಕೆಜಿಗೆ ಇಷ್ಟೆಂದು ಪಡೆದರೆ ಕನಿಷ್ಠ ದರದ ಒಂದು ಭಾಗ ಊರಿಗೆ ಇಳಿಯುತ್ತದೆ. ಕನಿಷ್ಠ ದರ ಗಟ್ಟಿಯಾಗಿ ನಿಂತರಷ್ಟೇ ಇಂಥ ಒಪ್ಪಂದಕ್ಕೆ ಘಟಕಗಳು ಮುಂದೆ ಬಂದಾವು ಎಂಬುದರಿಂದ, ದೆಹಲಿಯ ವ್ಯಾಜ್ಯ ಪಾಲಿಕೆಯ ಮೇಜಿಗೂ ಸಂಬಂಧಪಟ್ಟದ್ದೇ.

ಹಳೆಯ ನಿಯಮಗಳಿಗೆ ಹೋಲಿಸಿದರೆ ಒಂದು ಕಡೆ ಬಿಗಿ ಸಡಿಲವಾಗಿದೆ ಎಂಬುದನ್ನೂ ಗಮನಿಸಬೇಕು. 2016ರ ನಿಯಮಗಳು ಸರ್ಕಾರಿ ಕಚೇರಿ, ಬ್ಯಾಂಕು, ಶಿಕ್ಷಣ ಸಂಸ್ಥೆಗಳನ್ನೆಲ್ಲ ಸಗಟು ಬಳಕೆದಾರರೆಂದು ಎಣಿಸಿದ್ದವು. ಈಗ ವರ್ಷದಲ್ಲಿ ಯಾವುದಾದರೂ ಹೊತ್ತಿನಲ್ಲಿ ಪಟ್ಟಿಯ ಸಾಮಾನು 1,000 ನಗಗಳಷ್ಟಾದರೂ ಬಳಸಿದವರು ಮಾತ್ರ ಆ ಗುಂಪಿಗೆ ಸೇರುತ್ತಾರೆ, ಅವರು ಮಾತ್ರ ನೋಂದಾಯಿತರಿಗೇ ಕೊಡಬೇಕೆಂಬ ಕಟ್ಟುಪಾಡಿಗೆ ಒಳಪಡುತ್ತಾರೆ. ದಾವಣಗೆರೆಯ ದೊಡ್ಡ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ಈ ಗೆರೆ ದಾಟಬಹುದು. ಸಣ್ಣ ಶಾಲೆ, ಸಹಕಾರಿ ಬ್ಯಾಂಕಿನ ಶಾಖೆ, ನರ್ಸಿಂಗ್ ಹೋಂಗಳು ದಾಟಲಿಕ್ಕಿಲ್ಲ. 2025ರ ಅಕ್ಟೋಬರ್ 14ಕ್ಕೆ, ಕಂಪ್ಯೂಟರ್ ನಡೆಸುವ ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ನಿಂತು, ಓಡುತ್ತಿರುವ ಕಂಪ್ಯೂಟರುಗಳೂ ಮೂಲೆ ಸೇರುತ್ತಿರುವ ಈ ಹೊತ್ತಿನಲ್ಲಿ ಈ ಸಡಿಲಿಕೆಯ ಪರಿಣಾಮ ಸಣ್ಣದಲ್ಲ. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಕೊಡುವುದು ಇಂಥ ಸಂಸ್ಥೆಗಳ ರೂಢಿ, ಮತ್ತು ಹೆಚ್ಚು ಕೂಗಬಲ್ಲವನು ಸಾಮಾನ್ಯವಾಗಿ ಯಾರೆಂಬುದನ್ನು ಬ್ಯಾಟರಿಯ ವಿಷಯದಲ್ಲಿ ಆಗಲೇ ನೋಡಿದ್ದೇವೆ.

ಹಾಗಾದರೆ ಗುಜರಿಯವರನ್ನೇ ಮುಚ್ಚಿಸಿದರಾಯಿತಲ್ಲ ಎಂಬ ಸಲಹೆ ಆಗಾಗ ಬರುತ್ತದೆ. ಅದು ಕಾರ್ಯಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಮೈಕಿನಲ್ಲಿ ಧ್ವನಿಮುದ್ರಿಕೆ ಹಾಕಿಕೊಂಡು ನಿಟುವಳ್ಳಿಯ ಓಣಿಗಳಿಂದ ಹಿಡಿದು ಜಗಳೂರಿನ ಹಳ್ಳಿಗಳವರೆಗೆ ಸುತ್ತುವ ಗಾಡಿಯಷ್ಟು ಅಗ್ಗದ, ಅಷ್ಟು ದೂರ ಮುಟ್ಟುವ ಸಂಗ್ರಹ ವ್ಯವಸ್ಥೆಯನ್ನು ಯಾವ ಕಂಪನಿಯೂ ಕಟ್ಟಿಲ್ಲ. ಸಂಗ್ರಹವನ್ನು ಅವರಿಗೆ ಬಿಟ್ಟು, ಒಡೆಯುವುದು, ಸುಡುವುದು, ಕರಗಿಸುವುದನ್ನು ಮಾತ್ರ ಅವರ ಕೈಯಿಂದ ತೆಗೆಯುವುದು ಸರಿಯಾದ ಗಡಿರೇಖೆ. ಬಿಚ್ಚುವ ಕೆಲಸಕ್ಕೆ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು ಒದಗಿಸುವುದು, ಕೆಲಸಗಾರರಿಗೆ ತರಬೇತಿ ಕೊಡುವುದು ರಾಜ್ಯ ಸರ್ಕಾರದ ಹೊಣೆಯೆಂದು ನಿಯಮದಲ್ಲೇ ಇದೆ. ಹೊಸ ಕಾನೂನಿನ ಅಗತ್ಯವಿಲ್ಲ. ಲಿಥಿಯಂ, ಕೋಬಾಲ್ಟ್‌ನಂಥ ನಿರ್ಣಾಯಕ ಖನಿಜಗಳ ಮರುಬಳಕೆಗೆ ಕೇಂದ್ರ ಸಂಪುಟ 2025ರ ಸೆಪ್ಟೆಂಬರಿನಲ್ಲಿ ಒಪ್ಪಿದ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಯಲ್ಲಿ ಮೂರನೇ ಒಂದು ಭಾಗ ಸಣ್ಣ ಮತ್ತು ಹೊಸ ಘಟಕಗಳಿಗೆ ಮೀಸಲಿದೆಯಾದರೂ, ಅದು ಖನಿಜ ತೆಗೆಯುವವರಿಗೆ, ಮಾಲು ಕೂಡಿಸುವವರಿಗಲ್ಲ.

## ಸದ್ಯಕ್ಕೆ ಮನೆಯವರು

ಇನ್ವರ್ಟರ್ ಅಥವಾ ವಾಹನದ ಬ್ಯಾಟರಿಯನ್ನು ಬಿಲ್ ಕೊಟ್ಟು ಎಕ್ಸ್‌ಚೇಂಜ್ ಮಾಡಿಕೊಳ್ಳುವ ಅಧಿಕೃತ ಡೀಲರಿಗೇ ಕೊಡುವುದು, ಒಳಗಿನ ಆಸಿಡ್ ಚೆಲ್ಲಿ ಬರೀ ಡಬ್ಬ ಕೊಡದಿರುವುದು ಮುಖ್ಯ. ಲಿಥಿಯಂ ಬ್ಯಾಟರಿ ಮತ್ತು ಸೆಲ್‌ಗಳ ತುದಿಗೆ ಟೇಪ್ ಸುತ್ತಿ, ಬಿಸಿಲು ಬೀಳದ ಜಾಗದಲ್ಲಿ, ಲೋಹದ್ದಲ್ಲದ ಡಬ್ಬದಲ್ಲಿ ಕೂಡಿಡಬಹುದು. ಉಬ್ಬಿದ ಬ್ಯಾಟರಿಯನ್ನು ಮಾತ್ರ ಮನೆಯಲ್ಲಿ ಇಟ್ಟುಕೊಳ್ಳದೆ ಬೇಗ ಸರ್ವೀಸ್ ಸೆಂಟರಿಗೆ ಮುಟ್ಟಿಸಬೇಕು. ಹಳೇ ಫೋನ್ ಕಪಾಟಿನಲ್ಲೇ ಉಳಿಯಲು ಅದರೊಳಗಿನ ಫೋಟೊ, ಬ್ಯಾಂಕಿನ ವಿವರಗಳ ಭಯವೇ ಬಹಳ ಸಲ ಕಾರಣ. ಖಾತೆಗಳಿಂದ ಲಾಗ್ಔಟ್ ಆಗಿ ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದರೆ ಆ ಭಯಕ್ಕೆ ಎಡೆಯಿಲ್ಲ. ದೊಡ್ಡ ಸಾಮಾನಿಗೆ ಹೊಸದನ್ನು ಕೊಳ್ಳುವಾಗಿನ ಎಕ್ಸ್‌ಚೇಂಜ್ ಸುಲಭದ ದಾರಿ, ಆದರೆ ಹಾಗೆ ಪಡೆದ ಹಳೆಯದು ಎಲ್ಲಿಗೆ ಹೋಗುತ್ತದೆ ಎಂದು ಅಂಗಡಿಯಲ್ಲಿ ಕೇಳಬೇಕು. ಹೊಸ ನಿಯಮಗಳಲ್ಲಿ ನೋಂದಣಿಯ ಕಡ್ಡಾಯ ಇರುವುದು ತಯಾರಕ, ಉತ್ಪಾದಕ (ಅಂದರೆ ತನ್ನ ಬ್ರಾಂಡಿನ ಹೆಸರಲ್ಲಿ ಮಾರುವ ಕಂಪನಿ), ನವೀಕರಿಸುವವ, ಮರುಬಳಕೆ ಮಾಡುವವ ಈ ನಾಲ್ವರಿಗೆ. ಮಾರುವ ಅಂಗಡಿಗೆ ಅಲ್ಲ.

## ಮುಂದೆ ಬರಲಿರುವುದು

ಸೀಸದ ಬ್ಯಾಟರಿಗೆ ಬೆಲೆಯಿದೆ ಎಂಬ ಕಾರಣಕ್ಕಾದರೂ ಅದು ಸಂಗ್ರಹವಾಗುತ್ತಿದೆ. ಅದರ ಜಾಗಕ್ಕೆ ಬರುತ್ತಿರುವ ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಆ ಭರವಸೆಯೂ ಇಲ್ಲ. ಕೋಬಾಲ್ಟ್, ನಿಕಲ್ ಇರುವ ಬಗೆಗೆ ಕೊಳ್ಳುವವರಿದ್ದಾರೆ. ಆದರೆ ಆಟೋ, ಸ್ಕೂಟರ್, ಹೊಸ ಇನ್ವರ್ಟರುಗಳಲ್ಲಿ ಹೆಚ್ಚುತ್ತಿರುವುದು ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಎಲ್‌ಎಫ್‌ಪಿ ಬಗೆ. ಬೆಂಕಿಯ ವಿಷಯದಲ್ಲಿ ಅದು ಉಳಿದವಕ್ಕಿಂತ ಸುರಕ್ಷಿತ, ಆಯುಷ್ಯವೂ ಹೆಚ್ಚು. ಆದರೆ ಬಿಚ್ಚಿದಾಗ ಸಿಗುವ ವಸ್ತುವಿನ ಬೆಲೆ ಬಿಚ್ಚುವ ಖರ್ಚನ್ನು ತುಂಬಿಕೊಡುವುದು ಕಷ್ಟ. ಗುಜರಿಯವನು ಹಣ ಕೊಟ್ಟು ಒಯ್ಯುವ ಸಾಮಾನು ಹೋಗಿ, ಒಯ್ಯಲು ಅವನಿಗೇ ಹಣ ಕೊಡಬೇಕಾದ ಸಾಮಾನು ಬರುತ್ತಿದೆ. ಕಂಪನಿಯ ಹಣ ಸಂಗ್ರಹದ ಹಂತದವರೆಗೆ ಇಳಿಯಲೇಬೇಕಾದ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇಲ್ಲಿ.

ಸೋಲಾರ್ ಫಲಕಗಳ ಬಗ್ಗೆ ನಿಯಮ ಇನ್ನೂ ಕಾಯುವ ಧೋರಣೆಯಲ್ಲಿದೆ. 2034-35ರವರೆಗೆ ಫಲಕದ ತ್ಯಾಜ್ಯವನ್ನು ಉತ್ಪಾದಕರು ಮಾರ್ಗಸೂಚಿಯಂತೆ ಸಂಗ್ರಹಿಸಿಡಬೇಕು ಎಂದಷ್ಟೇ ಅದು ಹೇಳುತ್ತದೆ. ಬಿಸಿಲು ಹೇರಳವಾಗಿರುವ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ದೊಡ್ಡ ಸೋಲಾರ್ ವಿದ್ಯುತ್ ಘಟಕಗಳ ಫಲಕ ಒಡೆದರೆ ಅದಕ್ಕೊಂದು ದಾಖಲೆ, ಒಬ್ಬ ಉತ್ತರದಾಯಿ ಇರುತ್ತಾರೆ. ಪಂಪ್‌ಸೆಟ್ಟಿಗೆ ಹಾಕಿಸಿದ ನಾಲ್ಕಾರು ಫಲಕಗಳಿಗೆ, ಗ್ರಾಮ ಪಂಚಾಯಿತಿಯ ಸೋಲಾರ್ ಬೀದಿದೀಪದ ಕಂಬಕ್ಕೆ ಕಟ್ಟಿದ ಡಬ್ಬದೊಳಗಿನ ಬ್ಯಾಟರಿಗೆ ಅಂಥ ಉತ್ತರದಾಯಿ ಸಿಗುವುದು ಕಷ್ಟ, ಏಕೆಂದರೆ ಸರಬರಾಜು ಮಾಡಿದ ಏಜೆನ್ಸಿ ಟೆಂಡರ್ ಮುಗಿದೊಡನೆ ಹೊರಟುಹೋಗಿರುತ್ತದೆ. ಅನಾಥ ಸಾಮಾನಿನ ಹೊಣೆಯನ್ನು ಇ-ತ್ಯಾಜ್ಯ ನಿಯಮ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಿದೆ. ಈ ಕಂಬಗಳು ನಿಂತಿರುವುದು ಗ್ರಾಮ ಪಂಚಾಯಿತಿಗಳ ಸರಹದ್ದಿನಲ್ಲಿ. ಬೀದಿದೀಪದ ಟೆಂಡರ್ ಕರೆಯುವಾಗಲೇ ಹಳೇ ಬ್ಯಾಟರಿ ಮತ್ತು ಫಲಕವನ್ನು ವಾಪಸು ಒಯ್ಯುವ ಷರತ್ತು ಸೇರಿಸಿ, ಅದಕ್ಕೆ ಠೇವಣಿಯಲ್ಲಿ ಒಂದು ಭಾಗ ತಡೆಹಿಡಿಯುವ ಅಧಿಕಾರ ಮಾತ್ರ ಟೆಂಡರ್ ಕರೆಯುವವರ ಕೈಯಲ್ಲಿ ಈಗಲೂ ಇದೆ.